‘ಕಂಪ್ಯೂಟರ್ ಒಪ್ತಾ ಇಲ್ಲ’ ಅಂದರೆ ನಿಜವಾಗಿ ಒಪ್ಪದಿರುವುದು ಯಾರು?

‘ಪಹಣಿಯಲ್ಲಿ ಮತ್ತು ಆಧಾರ್‌ನಲ್ಲಿ ಹೆಸರಿನ ಒಂದೇ ಒಂದು ಅಕ್ಷರ ಬೇರೆ ಇದ್ದರೂ ಕಂಪ್ಯೂಟರ್ ತಾನಾಗಿಯೇ ರಿಜೆಕ್ಟ್ ಮಾಡುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಆಗಲ್ಲ. ಎಲ್ಲ ರೈತರಿಗೂ ತಲುಪಿಸಿ.’

ಈ ಧಾಟಿಯ ಸಂದೇಶ ನಿಮ್ಮ ಊರಿನ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಹೆಸರು ಹೊಂದದೆ ಅರ್ಜಿ ನಿಂತುಹೋಗುವುದು ನಿಜ. ಆದರೆ ‘ತಾನಾಗಿಯೇ’ ಮತ್ತು ‘ಏನೂ ಆಗಲ್ಲ’ ಎಂಬ ಎರಡು ಮಾತುಗಳು ಸರಿಯಲ್ಲ. ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ಕಂಪ್ಯೂಟರ್ ಸ್ವಂತ ಬುದ್ಧಿಯಿಂದ ತೀರ್ಮಾನಿಸುವುದಿಲ್ಲ. ಯಾವುದನ್ನು ‘ಒಂದೇ’ ಎನ್ನಬೇಕು ಎಂಬ ನಿಯಮವನ್ನು ಮನುಷ್ಯರು ಬರೆದಿರುತ್ತಾರೆ. ಬರೆದವರು ಇದ್ದಾರೆ ಅಂದಮೇಲೆ ಕೇಳುವುದಕ್ಕೂ ಜಾಗವಿದೆ, ತಿದ್ದುವುದಕ್ಕೂ ದಾರಿಯಿದೆ.

ಇದು ಹೇಗೆ ಎಂದು ತಿಳಿಯಲು ಹಾಸನದ ಒಂದು ಊರಿನ ಹೆಸರನ್ನೇ ತೆಗೆದುಕೊಳ್ಳೋಣ.

ಒಂದೇ ಊರು, ನಾಲ್ಕು ಹೆಸರು

ಹಾಸನದಿಂದ ಅರಸೀಕೆರೆ ಕಡೆಗೆ ಸುಮಾರು 10 ಕಿಲೋಮೀಟರ್ ಹೋದರೆ ಕೊರವಂಗಲ ಸಿಗುತ್ತದೆ. ಬೂಚಿರಾಜ ಎಂಬ ಅಧಿಕಾರಿ 1173ರಲ್ಲಿ ಕಟ್ಟಿಸಿದ ಬೂಚೇಶ್ವರ ದೇವಾಲಯ ಇರುವ ಊರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದ ಕಾಲ ಅದು.

‘ಕೊರವಂಗಲ’ ಎಂಬ ಹೆಸರನ್ನು ನಾವು ಐದು ಅಕ್ಷರವಾಗಿ ಓದುತ್ತೇವೆ: ಕೊ, ರ, ವಂ, ಗ, ಲ. ಕಂಪ್ಯೂಟರಿನೊಳಗೆ ಅದು ಒಂದು ಸಾಲು ಸಂಖ್ಯೆ ಮಾತ್ರ. ಕನ್ನಡದ ಪ್ರತಿ ವ್ಯಂಜನಕ್ಕೆ, ಪ್ರತಿ ಸ್ವರಚಿಹ್ನೆಗೆ, ಸೊನ್ನೆಗೆ ಒಂದೊಂದು ಸಂಖ್ಯೆ ಇದೆ. ಆ ಲೆಕ್ಕದಲ್ಲಿ ಈ ಹೆಸರು ಏಳು ಸಂಖ್ಯೆಗಳ ಸಾಲು: ಕ, ಒತ್ವ, ರ, ವ, ಸೊನ್ನೆ, ಗ, ಲ.

ಇಲ್ಲಿಂದ ತೊಡಕು ಶುರು. ‘ಕೊ’ ಬರೆಯಲು ಒತ್ವದ ಒಂದೇ ಸಂಖ್ಯೆ ಬಳಸಬಹುದು. ಇಲ್ಲವೇ ಎತ್ವದ ಚಿಹ್ನೆ ಮತ್ತು ಊಕಾರದ ಕೊಂಬು ಎರಡನ್ನೂ ಒಂದರ ಹಿಂದೆ ಒಂದು ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೊ’. ಒಳಗೆ ಮಾತ್ರ ಮೊದಲನೆಯದು ಏಳು ಸಂಖ್ಯೆಯ ಹೆಸರು, ಎರಡನೆಯದು ಎಂಟು ಸಂಖ್ಯೆಯದು.

ಮುಂದೆ ಸೊನ್ನೆ ನೋಡಿ. ‘ವಂ’ನಲ್ಲಿರುವ ಅನುಸ್ವಾರ ಮತ್ತು ಕನ್ನಡದ ಅಂಕಿ ಸೊನ್ನೆ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ. ಬೆರಳಚ್ಚು ಮಾಡುವಾಗ ಅನುಸ್ವಾರದ ಬದಲು ಅಂಕಿ ಹಾಕಿಬಿಡುವುದು ಸಾಮಾನ್ಯ. ಈ ಎರಡನ್ನು ಹೋಲಿಸಿ:

ಕೊರವಂಗಲ
ಕೊರವ೦ಗಲ

ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಅಂಕಿ. ಎರಡನ್ನೂ ನಿಮ್ಮ ಫೋನಿನ ನೋಟ್ಸ್‌ನಲ್ಲಿ ಅಂಟಿಸಿ, ಆಮೇಲೆ ಮೊದಲನೆಯದನ್ನು ಹುಡುಕಿ. ಸಾಮಾನ್ಯವಾಗಿ ಎರಡನೆಯದು ಸಿಗುವುದಿಲ್ಲ.

ಒತ್ವಕ್ಕೆ ಎರಡು ಬಗೆ, ಸೊನ್ನೆಗೆ ಎರಡು ಬಗೆ. ಒಟ್ಟು ನಾಲ್ಕು ಕೊರವಂಗಲ. ಊರಿನವರಿಗೆ ಒಂದೇ ಊರು, ಕಂಪ್ಯೂಟರಿಗೆ ನಾಲ್ಕು.

ಕಣ್ಣಿಗೆ ಕಾಣದ ಗುರುತುಗಳೂ ಇವೆ. ‘ರಾಜ್‌ಕುಮಾರ್’ ಎಂದು ಬರೆದಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಗುರುತು ಇರುತ್ತದೆ. ಅರ್ಕಾವತ್ತಿನ ‘ಸೂರ್ಯ’ಕ್ಕೂ ರಕಾರವನ್ನೇ ಪೂರ್ತಿ ಬರೆದು ಕೆಳಗೆ ಯಒತ್ತು ಕೊಟ್ಟ ‘ಸೂರ‍್ಯ’ಕ್ಕೂ ಇರುವ ವ್ಯತ್ಯಾಸ ಇಂಥದೇ ಒಂದು ಗುರುತು. ಓದುವವರಿಗೆ ಅದೇ ಹೆಸರು. ಸಂಖ್ಯೆಗೆ ಸಂಖ್ಯೆ ತಾಳೆ ನೋಡುವ ಯಂತ್ರಕ್ಕೆ ಅಲ್ಲ.

ಅಕ್ಷರಕ್ಕೆ ಸಂಖ್ಯೆ ಕೊಟ್ಟವರು ಯಾರು?

ಪ್ರಕೃತಿಯಂತೂ ಕೊಟ್ಟದ್ದಲ್ಲ. ಇದಕ್ಕೊಂದು ಚರಿತ್ರೆ ಇದೆ.

1990ರ ದಶಕದಲ್ಲಿ ಕನ್ನಡ ತಂತ್ರಾಂಶ ಮಾಡುವ ಪ್ರತಿ ಸಂಸ್ಥೆಯೂ ತನ್ನದೇ ಲೆಕ್ಕ ಇಟ್ಟುಕೊಂಡಿತ್ತು. ಒಬ್ಬರ ತಂತ್ರಾಂಶದಲ್ಲಿ ಬರೆದ ಪತ್ರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಓದಲು ಬರುತ್ತಿರಲಿಲ್ಲ. ಈ ಗೊಂದಲಕ್ಕೆ ಒಂದು ಕಟ್ಟು ಹಾಕಬೇಕೆಂದು ಕರ್ನಾಟಕ ಸರ್ಕಾರ ಏಕರೂಪದ ಶಿಷ್ಟತೆಯನ್ನು ತಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅದಕ್ಕೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು.

ಹಳೆಯ ನುಡಿ ಫಾಂಟುಗಳ ಲೆಕ್ಕ ಅಕ್ಷರದ ಆಕಾರಕ್ಕೆ ಸಂಬಂಧಿಸಿದ್ದು. ತಲೆಕಟ್ಟು, ಕೊಂಬು, ಒತ್ತು ಎಂದು ಅಕ್ಷರವನ್ನು ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದ ಫೋನಿನಲ್ಲಿ ತೆರೆದರೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೆರೆ ಇರುವ ‘ಎ’, ಹೀಗೆ ಏನೇನೋ ಕಾಣುತ್ತದೆ. ‘ಫೈಲಿಗೆ ವೈರಸ್ ಬಂದಿದೆ’ ಎಂದು ಹಲವರು ಹೆದರುವುದು ಇದನ್ನು ನೋಡಿಯೇ. ವೈರಸ್ ಅಲ್ಲ, ಎರಡು ಕಾಲದ ಎರಡು ನಿಯಮಗಳು ಎದುರಾಗಿವೆ, ಅಷ್ಟೇ. ಪರಿವರ್ತಕ ತಂತ್ರಾಂಶ ಬಳಸಿದರೆ ಪಠ್ಯ ಮರಳಿ ಕನ್ನಡವಾಗುತ್ತದೆ.

ಇನ್ನೊಂದು ದಾರಿ ಆಕಾರವನ್ನು ಬಿಟ್ಟು ಅಕ್ಷರಕ್ಕೇ ಸಂಖ್ಯೆ ಕೊಡುವುದು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ‘ಇಸ್ಕಿ’ ಎಂಬ ಮಾನಕವನ್ನು ಹೊರಡಿಸಿತು. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಲು ಹೊರಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡವೂ ಇತ್ತು, 128 ಮನೆಗಳ ಒಂದು ಸಾಲಿನಲ್ಲಿ. ಭಾರತೀಯ ಲಿಪಿಗಳ ಜೋಡಣೆಯನ್ನು ಯೂನಿಕೋಡ್ ಇಸ್ಕಿಯ ಹಿಂದಿನ ರೂಪದಿಂದ ತೆಗೆದುಕೊಂಡಿತು. ಹೀಗಾಗಿ ದೇವನಾಗರಿಯಲ್ಲಿ ಒಂದು ಅಕ್ಷರ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದಲ್ಲೂ ಅದಕ್ಕೆ ಸಮನಾದ ಅಕ್ಷರ ಸಾಮಾನ್ಯವಾಗಿ ಅದೇ ಮನೆಯಲ್ಲಿದೆ. ಇವತ್ತು ನಿಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ ಸಲೀಸಾಗಿ ಓಡಾಡುವುದು ಈ ಪಟ್ಟಿಯ ಬಲದಿಂದ.

ತಪ್ಪನ್ನೂ ತಿದ್ದಬಾರದೆಂಬ ನಿಯಮ

ನಿಯಮ ಮನುಷ್ಯರದೇ ಎಂಬುದಕ್ಕೆ ಆ ಪಟ್ಟಿಯಲ್ಲೇ ಒಂದು ಪುರಾವೆ ಇದೆ.

ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಹಳೆಯ ಶಾಸನಗಳಲ್ಲಿ ಕಾಣಸಿಗುತ್ತದೆ. ಈಗ ಬಳಕೆಯಲ್ಲಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಲೆಟರ್ ಫ’. ೞಕಾರಕ್ಕೂ ‘ಫ್ಯಾನ್’ ಪದದ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ದೇವನಾಗರಿ ಸಾಲಿನ ಅದೇ ಮನೆಯಲ್ಲಿ ಅಡಿಯಲ್ಲಿ ಚುಕ್ಕೆ ಇಟ್ಟ ಫಕಾರ ಕೂತಿದೆ.

ಇದು ತಪ್ಪು ಎಂದು ಯೂನಿಕೋಡ್‌ನವರೇ ಒಪ್ಪಿದ್ದಾರೆ. ಆದರೂ ಹೆಸರು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ‘ತಿದ್ದಿದ ಅಡ್ಡಹೆಸರು’ ಎಂದು ಬರೆದಿಟ್ಟಿದ್ದಾರೆ.

ಹಟಮಾರಿತನ ಅನ್ನಿಸಬಹುದು. ಆದರೆ ಆ ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಜಗತ್ತಿನ ಯಾವ ಮೂಲೆಯಲ್ಲಿ ಎಷ್ಟಿವೆಯೋ. ಹೆಸರು ಬದಲಾದ ದಿನ ಅವು ಮುರಿದು ಬೀಳಬಹುದು. ಸರಿಯಾಗಿರುವುದು ಮುಖ್ಯವೋ, ಬದಲಾಗದಿರುವುದು ಮುಖ್ಯವೋ? ಯಾವ ಗಣಿತ ಸೂತ್ರವೂ ಇದಕ್ಕೆ ಉತ್ತರ ಕೊಡಲಿಲ್ಲ. ಒಂದಷ್ಟು ಜನ ಕೂತು, ಚರ್ಚಿಸಿ, ಬದಲಾಗದಿರುವುದೇ ಮುಖ್ಯ ಎಂದು ತೀರ್ಮಾನಿಸಿದರು.

ನಾಲ್ಕು ಕೊರವಂಗಲದ ಸಮಸ್ಯೆಗೂ ಅವರು ಅರ್ಧ ಪರಿಹಾರ ಕೊಟ್ಟಿದ್ದಾರೆ. ಒತ್ವವನ್ನು ಒಂದು ಸಂಖ್ಯೆಯಾಗಿ ಬರೆದರೂ ಎರಡಾಗಿ ಬರೆದರೂ ಒಂದೇ ಎಂದು ಪರಿಗಣಿಸಬೇಕು, ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು ಎಂಬ ನಿಯಮವಿದೆ. ಅದನ್ನು ಪಾಲಿಸಿದರೆ ನಾಲ್ಕು ಕೊರವಂಗಲ ಎರಡಾಗುತ್ತವೆ. ಆದರೆ ಅನುಸ್ವಾರ ಮತ್ತು ಅಂಕಿ ಸೊನ್ನೆ ಒಂದೇ ಎಂದು ಆ ನಿಯಮ ಹೇಳುವುದಿಲ್ಲ. ಹೇಳುವುದು ಸರಿಯೂ ಅಲ್ಲ. ಸರ್ವೆ ನಂಬರಿನ ಸೊನ್ನೆಯನ್ನು ಅನುಸ್ವಾರ ಎಂದು ಓದಿದರೆ ಹೇಗಿರುತ್ತದೆ? ಉಳಿದ ಎರಡನ್ನು ಒಂದು ಮಾಡುವುದು ಆಯಾ ತಂತ್ರಾಂಶ ಬರೆಯುವವರ ಹೊಣೆ. ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಅರ್ಜಿ ನಿಲ್ಲುವ ಒಂದು ಜಾಗ ಇದು.

ಹಾಗಾದರೆ ಒಂದಕ್ಷರ ಹೆಚ್ಚು ಕಡಿಮೆಯಾದರೂ ಬಿಡಬಹುದಲ್ಲ?

ಸುಲಭದ ಪರಿಹಾರ ಅನ್ನಿಸುತ್ತದೆ. ಒಂದು ಪದವನ್ನು ಇನ್ನೊಂದು ಪದವಾಗಿಸಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು ಅಥವಾ ತೆಗೆಯಬೇಕು ಎಂದು ಎಣಿಸುವ ವಿಧಾನ ಕಂಪ್ಯೂಟರ್ ವಿಜ್ಞಾನದಲ್ಲಿ ಇದೆ. ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೀನ್ 1965ರಲ್ಲಿ ಕೊಟ್ಟ ಕಲ್ಪನೆ ಅದು. ನೀವು ತಪ್ಪು ಟೈಪ್ ಮಾಡಿದಾಗ ಫೋನು ಸರಿಯಾದ ಪದವನ್ನು ಸೂಚಿಸುವುದರ ಹಿಂದೆ ಇಂಥ ಎಣಿಕೆಯೂ ಕೆಲಸ ಮಾಡುತ್ತದೆ.

ಈಗ ‘ಒಂದು ಅಕ್ಷರದ ವ್ಯತ್ಯಾಸವಿದ್ದರೆ ಒಂದೇ ಹೆಸರು ಎಂದು ತಿಳಿ’ ಎಂಬ ನಿಯಮ ಮಾಡೋಣ. ಕೊರವಂಗಲವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬೆಂಗಳೂರಿನ ಕೋರಮಂಗಲವನ್ನೂ ಬರೆಯಿರಿ. ನಡುವೆ ಒಂದು ಕಡೆ ‘ವಿ’, ಇನ್ನೊಂದು ಕಡೆ ‘ಎಂ’. ಉಳಿದ ಅಕ್ಷರಗಳೆಲ್ಲ ಒಂದೇ. ನಮ್ಮ ಹೊಸ ನಿಯಮದ ಪ್ರಕಾರ ಹಾಸನದ ಹಳ್ಳಿ ಮತ್ತು ಬೆಂಗಳೂರಿನ ಬಡಾವಣೆ ಒಂದೇ ಊರು!

ಜನರ ಹೆಸರಿಗೂ ಇದೇ ಕಥೆ. ‘ರಾಮಪ್ಪ’ ಮತ್ತು ‘ರಾಮಣ್ಣ’ ಎರಡು ಅಕ್ಷರ ದೂರ, ಆದರೆ ಅಣ್ಣ ತಮ್ಮಂದಿರಾಗಿರಬಹುದು. ಒಂದೇ ಮನೆಯ ಎರಡು ಪಾಲು ಜಮೀನು ಒಬ್ಬನ ಹೆಸರಿಗೆ ಕಂಡರೆ ಜಗಳ ಶುರುವಾಗುತ್ತದೆ.

ನಿಯಮ ಬಿಗಿಯಾದರೆ ನಿಜವಾದ ಹಕ್ಕುದಾರರು ಹೊರಗೆ ಉಳಿಯುತ್ತಾರೆ. ಸಡಿಲವಾದರೆ ಹಕ್ಕಿಲ್ಲದವರು ಒಳಗೆ ಬರುತ್ತಾರೆ. ಎರಡೂ ತಪ್ಪುಗಳನ್ನು ಒಟ್ಟಿಗೆ ಪೂರ್ತಿ ಇಲ್ಲವಾಗಿಸುವ ಯಾವ ಅಳತೆಯೂ ಇಲ್ಲ. ಎಲ್ಲಿ ಗೆರೆ ಎಳೆಯಬೇಕು, ಯಾವ ತಪ್ಪನ್ನು ಸಹಿಸಿಕೊಳ್ಳಬೇಕು ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು.

ಆ ಗೆರೆ ಎಳೆಯುವ ಜಾಗ

ಪಹಣಿಯಲ್ಲಿ ಹೆಸರು ಬರೆಯುವ ರೀತಿ ನಿಮಗೆ ಗೊತ್ತು. ಉದಾಹರಣೆಗೆ ‘ಪುಟ್ಟೇಗೌಡ ಬಿನ್ ದೊಡ್ಡೇಗೌಡ’, ‘ಪುಟ್ಟಮ್ಮ ಕೋಂ ಸಣ್ಣೇಗೌಡ’. ಆಧಾರ್‌ನಲ್ಲಿ ಅದೇ ವ್ಯಕ್ತಿ ‘ಡಿ. ಪುಟ್ಟೇಗೌಡ’. ಇಂಗ್ಲಿಷಿಗೆ ಬಂದರೆ ‘ಗೌಡ’ದಲ್ಲಿ ಕೆಲವರಿಗೆ ‘ಡಬ್ಲ್ಯೂ’, ಕೆಲವರಿಗೆ ‘ಯು’. ಪಹಣಿಯ ನಿಯಮ ತಂದೆ ಅಥವಾ ಗಂಡನ ಹೆಸರಿನಿಂದ ಗುರುತಿಸುವುದು, ಶಾಲೆಯ ದಾಖಲೆಯ ರೂಢಿ ಇನಿಷಿಯಲ್ ಹಾಕುವುದು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಎದುರುಬದುರು ಇಟ್ಟಾಗ ಹೊಂದುವುದಿಲ್ಲ.

2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಆಧಾರ್ ಹೆಸರು ಹೊಂದದೆ ಕಂತು ನಿಂತವರು ಎಷ್ಟಿದ್ದರೆಂದರೆ, ಅದನ್ನು ಸರಿಪಡಿಸಲು ಜಾಲತಾಣದಲ್ಲೇ ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಯಿತು. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಕೈಗೆತ್ತಿಕೊಂಡಾಗ ಹೆಸರಿನ ಪ್ರಶ್ನೆ ಮತ್ತೆ ಎದ್ದಿತು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಆಧಾರ್ ಪ್ರಾಧಿಕಾರ ಪ್ರಕಟಿಸಿದ ದೃಢೀಕರಣದ ತಾಂತ್ರಿಕ ವಿವರಣೆಯಲ್ಲಿ ಹೆಸರು ಹೋಲಿಸಲು ಎರಡು ಬಗೆ ಕೊಡಲಾಗಿದೆ. ಒಂದು, ಪೂರ್ತಿ ಹೊಂದಬೇಕು. ಇನ್ನೊಂದು, ಭಾಗಶಃ ಹೊಂದಿದರೆ ಸಾಕು, ಪದಗಳು ಹಿಂದೆ ಮುಂದೆ ಇದ್ದರೂ ಅಡ್ಡಿಯಿಲ್ಲ. ಎರಡನೆಯದರಲ್ಲಿ ಶೇಕಡಾ ಎಷ್ಟು ಪದ ಹೊಂದಬೇಕು ಎಂಬ ಮಿತಿಯನ್ನು ಹೋಲಿಕೆ ಕೇಳುವ ಸಂಸ್ಥೆಯೇ ನಮೂದಿಸಬೇಕು. ಮೂರು ಪದದ ಹೆಸರಿನಲ್ಲಿ ಎರಡು ಹೊಂದಿದರೆ ಶೇ. 66. ಮಿತಿ 60 ಎಂದಿದ್ದರೆ ಪಾಸು, 100 ಎಂದಿದ್ದರೆ ಫೇಲು. ಅದೇ ರೈತ, ಅದೇ ಕಂಪ್ಯೂಟರ್. ಫಲಿತಾಂಶ ಬದಲಾದದ್ದು ಯಾರೋ ತುಂಬಿದ ಒಂದು ಅಂಕಿಯಿಂದ.

ಬಿಗಿ ನಿಯಮ ಕೆಟ್ಟದ್ದೇ?

ಹಾಗೇನಿಲ್ಲ. ಇದೇ ಪಹಣಿಯ ಚರಿತ್ರೆ ನೋಡಿ. ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು ಅದನ್ನು ನಿರ್ವಹಿಸುತ್ತಿದ್ದರು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 2001ರ ಹೊತ್ತಿಗೆ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು.

ಆ ತಂತ್ರಾಂಶದಲ್ಲಿ ಒಂದು ಬಿಗಿ ನಿಯಮ ಇತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ವಿಲೇವಾರಿ ಆಗಬೇಕು. ಹಿಂದೆ ಬಂದ ಅರ್ಜಿಯನ್ನು ಮುಂದೆ ತರಲು ಅಧಿಕಾರಿ ಬಯಸಿದರೂ ತಂತ್ರಾಂಶ ಬಿಡುವುದಿಲ್ಲ. ಪರಿಚಯ ಇಲ್ಲದ, ಕೈ ಬಿಸಿ ಮಾಡಲಾಗದ ರೈತರ ಪಾಲಿಗೆ ‘ಕಂಪ್ಯೂಟರ್ ಒಪ್ತಾ ಇಲ್ಲ’ ಎಂಬುದೇ ರಕ್ಷಣೆ. ಅದೇ ಮಾತು ಹೆಸರಿನ ವಿಷಯದಲ್ಲಿ ಅದೇ ರೈತರಿಗೆ ಅಡ್ಡಿಯಾಯಿತು. ಬಿಗಿ ಅಥವಾ ಸಡಿಲ ಎಂಬುದಕ್ಕಿಂತ ಈ ನಿಯಮ ಯಾರನ್ನು ಕಾಯುತ್ತದೆ, ಯಾರನ್ನು ನಿಲ್ಲಿಸುತ್ತದೆ ಎಂಬ ಪ್ರಶ್ನೆ ದೊಡ್ಡದು.

ತಂತ್ರಾಂಶ ಬರೆಯುವವರ ವೃತ್ತಿಯಲ್ಲೂ ಈ ಚರ್ಚೆ ಹಳೆಯದು. ಅಂತರಜಾಲದ ನಿಯಮಗಳನ್ನು ಬರೆದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ಸೂತ್ರ ಕೊಟ್ಟರು. ಕಳಿಸುವಾಗ ಕಟ್ಟುನಿಟ್ಟಾಗಿರಿ, ತೆಗೆದುಕೊಳ್ಳುವಾಗ ಉದಾರವಾಗಿರಿ ಎಂಬುದು ಅದರ ಸಾರ. ಹೀಗೆ ಉದಾರವಾಗಿ ತೆಗೆದುಕೊಳ್ಳುತ್ತಾ ಹೋದರೆ ತಪ್ಪುಗಳೇ ರೂಢಿಯಾಗುತ್ತವೆ ಎಂದು 2023ರಲ್ಲಿ ಅದೇ ಪರಂಪರೆಯ ಎಂಜಿನಿಯರ್‌ಗಳು ಎಚ್ಚರಿಸಿದರು. ಕಂಪ್ಯೂಟರ್ ವೃತ್ತಿಪರರ ಅಂತಾರಾಷ್ಟ್ರೀಯ ಸಂಘವಾದ ಎಸಿಎಂ 2018ರಲ್ಲಿ ಪರಿಷ್ಕರಿಸಿದ ನೀತಿ ಸಂಹಿತೆ ಸಾರ್ವಜನಿಕರ ಹಿತಕ್ಕೇ ಮೊದಲ ಸ್ಥಾನ ಕೊಡುತ್ತದೆ. ಅಂಥ ಸಂಹಿತೆ ಒಂದು ಹೆಸರಿಗೆ ಮಿತಿ 60 ಇರಲಿ ಅಥವಾ 100 ಇರಲಿ ಎಂದು ಹೇಳಿಕೊಡುವುದಿಲ್ಲ. ಆ ಅಂಕಿಯಿಂದ ಯಾರಿಗೆ ಏನಾಗುತ್ತದೆ ಎಂದು ಯೋಚಿಸದೆ ತುಂಬಬೇಡಿ ಎಂದು ಮಾತ್ರ ಹೇಳುತ್ತದೆ.

ನೀವು ಏನು ಮಾಡಬಹುದು?

‘ಒಪ್ತಾ ಇಲ್ಲ’ ಎಂಬ ಉತ್ತರ ಸಿಕ್ಕಾಗ ವಾಪಸ್ ಬರುವ ಮುನ್ನ ಮೂರು ಪ್ರಶ್ನೆ ಕೇಳಿ. ಯಾವ ದಾಖಲೆಯ ಹೆಸರು ಯಾವುದರ ಜೊತೆ ಹೊಂದುತ್ತಿಲ್ಲ? ಪರದೆಯಲ್ಲಿ ಎರಡೂ ಹೆಸರು ಹೇಗೆ ಬರುತ್ತಿವೆ? ಇದನ್ನು ಸರಿಪಡಿಸುವ ಅಧಿಕಾರ ಯಾರಿಗಿದೆ?

ಎರಡೂ ಕಡೆ ಹೆಸರು ಒಂದೇ ಥರ ಕಂಡರೂ ಹೊಂದದಿದ್ದರೆ ಸೊನ್ನೆ ಅಥವಾ ಅದೃಶ್ಯ ಗುರುತಿನ ತೊಂದರೆ ಇರಬಹುದು. ಹೆಸರನ್ನು ನಕಲು ಮಾಡಿ ಅಂಟಿಸುವ ಬದಲು ಹೊಸದಾಗಿ ಟೈಪ್ ಮಾಡಿಸಿ. ಅನುಸ್ವಾರದ ಜಾಗದಲ್ಲಿ ಅನುಸ್ವಾರವೇ ಇದೆಯೇ ನೋಡಿಕೊಳ್ಳಿ.

ಹೆಸರೇ ಬೇರೆ ರೀತಿ ಇದ್ದರೆ, ಯಾವ ದಾಖಲೆ ತಪ್ಪಿದೆ ಎಂದು ಮೊದಲು ತೀರ್ಮಾನಿಸಿ, ಅದೊಂದನ್ನೇ ತಿದ್ದಿಸಿ. ಆಧಾರ್ ಆದರೆ ಆಧಾರ್ ಕೇಂದ್ರ, ಪಹಣಿ ಆದರೆ ತಾಲ್ಲೂಕು ಕಚೇರಿ. ಎರಡನ್ನೂ ಒಟ್ಟಿಗೆ ಬದಲಿಸಲು ಹೋದರೆ ಬ್ಯಾಂಕಿನ ಪುಸ್ತಕ ಮೂರನೆಯ ಹೆಸರಾಗಿ ಉಳಿದೀತು.

ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ. ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆಯೂ ಕಾಲಮಿತಿಯೂ ಇರುತ್ತದೆ. ತಿರಸ್ಕರಿಸಿದರೆ ಬಾಯಿಮಾತು ಸಾಲದು, ಕಾರಣ ಬರೆದ ಹಿಂಬರಹ ಕೇಳಿ. ‘ಕಂಪ್ಯೂಟರ್ ಒಪ್ಪಲಿಲ್ಲ’ ಎಂದು ಹಿಂಬರಹದಲ್ಲಿ ಬರೆಯುವುದು ಕಷ್ಟ. ಬರೆಯಲು ಕೂತಾಗ ಯಾವ ನಿಯಮ ಎಂದು ಹೇಳಲೇಬೇಕಾಗುತ್ತದೆ. ಹೆಸರು ಹೋಲಿಸಲು ಇಲಾಖೆ ಯಾವ ವಿಧಾನ ಬಳಸುತ್ತಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿಯೂ ಕೇಳಬಹುದು.

ಹಾಗಾದರೆ ಆ ಸಂದೇಶ ನಿಜವೇ?

‘ಒಂದಕ್ಷರ ತಪ್ಪಿದರೂ ಅರ್ಜಿ ನಿಲ್ಲಬಹುದು’ ಎಂಬ ಭಾಗ ನಿಜ. ‘ಕಂಪ್ಯೂಟರ್ ತಾನಾಗಿಯೇ ಮಾಡುತ್ತದೆ’ ಎಂಬುದು ತಪ್ಪು. ‘ಯಾರ ಕೈಯಲ್ಲೂ ಏನೂ ಆಗಲ್ಲ’ ಎಂಬುದು ಅಪಾಯಕಾರಿ ತಪ್ಪು. ಅದನ್ನು ನಂಬಿದವರು ತಿದ್ದುಪಡಿಗೆ ಅರ್ಜಿ ಹಾಕುವುದನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೇ ಮಧ್ಯವರ್ತಿಗೆ ದುಡ್ಡು ಕೊಡುತ್ತಾರೆ.

ಆ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಕೆಳಗೆ ಇಷ್ಟು ಬರೆಯಿರಿ: ‘ಕಂಪ್ಯೂಟರಿಗೆ ನಿಯಮ ಬರೆದುಕೊಟ್ಟಿರುವುದು ಮನುಷ್ಯರು. ಯಾವ ನಿಯಮ ಎಂದು ಕೇಳಿ, ಹಿಂಬರಹ ಪಡೆಯಿರಿ, ತಿದ್ದುಪಡಿಗೆ ಅರ್ಜಿ ಹಾಕಿ.’ ಫಾರ್ವರ್ಡ್ ಮಾಡಬೇಕಾದದ್ದು ಇದನ್ನು.